ಅಕ್ಕನ ಮನೆಯ ಒಂದು ಲೋಟ ಚಹಾ

ಹಾಸನದ ಬಸ್ ನಿಲ್ದಾಣದಲ್ಲಿ ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ಸಂಕ್ರಾಂತಿ ಕಳೆದು ವಾರವಾಗಿತ್ತು. ಗೊರೂರು ಮಾರ್ಗವಾಗಿ ಅರಕಲಗೂಡಿಗೆ ಹೋಗುವ ಬಸ್ಸಿನ ಹತ್ತಿರ ಸೇತುರಾಮ್ ನನಗಿಂತ ಮೊದಲೇ ಬಂದು ನಿಂತಿದ್ದರು. ತಲೆಗೆ ಉಣ್ಣೆಯ ಟೋಪಿ, ಹೆಗಲಿಗೆ ಕ್ಯಾನ್ವಾಸ್ ಚೀಲ. ಪಕ್ಕದ ಕಲ್ಲುಬೆಂಚಿನಲ್ಲಿ ಜಾಗವಿದ್ದರೂ ಕೂತಿರಲಿಲ್ಲ. ಯಾಕೆಂದು ಕೇಳಿದೆ. ಬೆಂಚಿನ ಇನ್ನೊಂದು ತುದಿಯಲ್ಲಿ ಯಾರೋ ಇಟ್ಟಿದ್ದ ಒಣಮೀನಿನ ಬುಟ್ಟಿಯನ್ನು ಕಣ್ಣಲ್ಲೇ ತೋರಿಸಿದರು.

ಚೀಲದಲ್ಲಿ ಆರು ತಗಡಿನ ಡಬ್ಬಿಗಳಿದ್ದವು. ಅಸ್ಸಾಮಿನದೊಂದು, ಡಾರ್ಜಿಲಿಂಗಿನ ಮೊದಲ ಚಿಗುರಿನದೊಂದು, ಹಸಿರು ಚಹಾ, ಬರೀ ಮೊಗ್ಗುಗಳನ್ನು ಒಣಗಿಸಿದ ಬಿಳಿ ಚಹಾ, ಅರ್ಧ ಮಾಗಿಸಿ ಹದವಾಗಿ ಹುರಿದ ಊಲಾಂಗ್, ಕೊನೆಯದಾಗಿ ನೀಲಗಿರಿಯ ಚಳಿಗಾಲದ ಚಹಾ. ಗಿಡದ ಮೇಲೆ ಹಿಮ ಕೂರುವಷ್ಟು ಚಳಿ ಬಿದ್ದ ದಿನಗಳಲ್ಲಿ ಮಾತ್ರ ಕೊಯ್ಯುವ ಎಲೆ ಅದು. ಚಳಿಗೆ ಗಿಡದ ಬೆಳವಣಿಗೆ ನಿಧಾನವಾಗಿ, ಇದ್ದ ಪರಿಮಳವೆಲ್ಲ ಕೆಲವೇ ಎಲೆಗಳಲ್ಲಿ ಗಟ್ಟಿಯಾಗುತ್ತದಂತೆ. ಕೂನೂರಿನ ಹಳೆಯ ಸಹೋದ್ಯೋಗಿಯೊಬ್ಬರು ಅದನ್ನು ಹಿಂದಿನ ವಾರವಷ್ಟೇ ಕಳಿಸಿದ್ದರು.

ಸೇತುರಾಮ್ ಹೊಳೆನರಸೀಪುರದವರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನೀಲಗಿರಿಯಲ್ಲಿ ಚಹಾ ರುಚಿ ನೋಡುವ ಕೆಲಸ ಮಾಡಿ, ನಿವೃತ್ತರಾಗಿ ಹಾಸನದಲ್ಲಿ ನೆಲೆಸಿದ್ದಾರೆ. ಹರಾಜಿಗೆ ಬರುವ ಚಹಾದ ಮಾದರಿಗಳನ್ನು ಉದ್ದದ ಮೇಜಿನ ಮೇಲೆ ಸಾಲಾಗಿ ಕುದಿನೀರು ಹಾಕಿ ಇಟ್ಟಿರುತ್ತಾರೆ. ರುಚಿ ನೋಡುವವರು ಒಂದು ಚಮಚೆ ಹಿಡಿದು ಒಂದು ತುದಿಯಿಂದ ಹೊರಡುತ್ತಾರೆ. ಬಟ್ಟಲಿನಿಂದ ಚಮಚೆಯಷ್ಟು ತೆಗೆದು, ಗಾಳಿಯೂ ಸೇರುವಂತೆ ಸುರ್ರೆಂದು ಹೀರಿ, ಬಾಯಲ್ಲಿ ಆಡಿಸಿ, ಪೀಕದಾನಿಗೆ ಉಗುಳಿ, ಅದೇ ಚಮಚೆಯನ್ನು ಮುಂದಿನ ಬಟ್ಟಲಿಗೆ ಅದ್ದುತ್ತಾರೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಊರಿಗೆ ಬಂದ ಸೇತುರಾಮ್ ಇದನ್ನು ತಂದೆಗೆ ವಿವರಿಸಿದ್ದರು. ತಂದೆ ದೇವಸ್ಥಾನದ ಬೀದಿಯಲ್ಲಿ ಪೌರೋಹಿತ್ಯ ಮಾಡಿಕೊಂಡಿದ್ದವರು. ಪೂರ್ತಿ ಕೇಳಿ, "ಅಂದರೆ ಉಗುಳೋದಕ್ಕೂ ಸಂಬಳ ಕೊಡ್ತಾರೆ ಅನ್ನು" ಎಂದರಂತೆ. ಆ ಮಾತು ಮನೆಯಲ್ಲಿ ಉಳಿಯಿತು. ಮದುವೆ, ಮುಂಜಿ ಎಲ್ಲಿ ಸೇರಿದರೂ ಯಾರಾದರೊಬ್ಬರು ಅದನ್ನು ಎತ್ತುತ್ತಿದ್ದರು.

ಬಸ್ಸು ಹೊರಟ ಮೇಲೆ ಅವರು ಹೇಳಿದ್ದು ಇದು: "ಪ್ರತಿ ವರ್ಷ ಸಂಕ್ರಾಂತಿ ಆದ ಮೇಲೆ ಈ ಚಳಿಗಾಲದ ಟೀ ಒಂದು ಡಬ್ಬಿ ಅಕ್ಕನಿಗೆ ಕಳಿಸ್ತೀನಿ. ಫೋನ್ ಮಾಡಿದರೆ 'ಬಂತು ಕಣೋ, ಚೆನ್ನಾಗಿದೆ' ಅಂತಾಳೆ. ಅಷ್ಟೇ. ಆದರೆ ಆ ಮನೆಗೆ ಹೋದಾಗ ನನಗೆ ಇವತ್ತಿನವರೆಗೂ ಒಂದು ಲೋಟ ಟೀ ಕೊಟ್ಟಿಲ್ಲ ಕಣ್ರೀ. ಯಾವಾಗಲೂ ಕಾಫಿನೇ. ನನ್ನದು ಎಂಜಲು ಕೆಲಸ, ಅದನ್ನ ಮನೆಯೊಳಗೆ ತರೋದು ಬೇಡ ಅಂತ ಇರಬೇಕು. ನಾನೂ ಕೇಳಲಿಲ್ಲ. ಈ ಸಲ ಬಾಯಿಬಿಟ್ಟು ಕೇಳ್ತೀನಿ."

ಪ್ರಯಾಣಕ್ಕೆ ಬೇರೆ ಕಾರಣವೂ ಇತ್ತು. ಚನ್ನರಾಯಪಟ್ಟಣದ ಹೆದ್ದಾರಿಯಲ್ಲಿ ಹೋಟೆಲು ನಡೆಸುವ ಅವರ ಸ್ನೇಹಿತ ನಾಗೇಶ್, ಹೋಟೆಲಿನಲ್ಲಿ ಒಳ್ಳೆಯ ಚಹಾ ಇಡಬೇಕು, ಮೂರು ಬಗೆ ಆರಿಸಿಕೊಡಿ ಎಂದು ಕೇಳಿದ್ದರು. ಕೋಣೆಯಲ್ಲಿ ಕೂತು ಆರಿಸುವುದಕ್ಕಿಂತ ಈ ಕಡೆಯ ಜನಕ್ಕೆ ಕುಡಿಸಿ ನೋಡುವುದು ಒಳ್ಳೆಯದೆಂದು ಸೇತುರಾಮ್ ಊರೂರು ಸುತ್ತಲು ಹೊರಟಿದ್ದರು. ಕಾಫಿಯ ಜಿಲ್ಲೆಯಲ್ಲಿ ಚಹಾ ಹಿಡಿದು ಹೊರಟವರ ಜೊತೆ ಹೋದರೆ ಬರೆಯುವುದಕ್ಕೆ ಏನಾದರೂ ಸಿಕ್ಕೀತೆಂದು ನಾನು ಜೊತೆಯಾದೆ.

ಹಾಸನದಿಂದ ಗೊರೂರಿಗೆ ಇಪ್ಪತ್ತು ಕಿಲೋಮೀಟರು ದಾಟುತ್ತದೆ. ಬಸ್ಸಿನಲ್ಲಿ ಹೆಂಗಸರೇ ಹೆಚ್ಚು. ಟಿಕೆಟ್ಟಿಗೆ ದುಡ್ಡು ಕೊಟ್ಟವರು ನಾವು ಕೆಲವರು. ಇಳಿದಾಗ ಬಿಸಿಲು ಬಿದ್ದಿತ್ತು. ಅಣೆಕಟ್ಟೆಯ ಬಾಗಿಲುಗಳು ಮುಚ್ಚಿದ್ದವು. ನೀರಾವರಿ ಇಲಾಖೆಯ ವಸತಿಗೃಹಗಳ ದಾರಿಯಲ್ಲಿ ಲಕ್ಷ್ಮಮ್ಮ ಎಂಬವರ ಚಹಾದಂಗಡಿ ಇದೆ: ತಗಡಿನ ಮಾಡು, ಗ್ಯಾಸ್ ಒಲೆ, ಎರಡು ಬೆಂಚು. ಮೀನು ಹಿಡಿಯುವ ಇಬ್ಬರು ಬಲೆ ಪಕ್ಕಕ್ಕಿಟ್ಟು ಕೂತಿದ್ದರು.

ಸೇತುರಾಮ್ ಒಂದು ಲೋಟ ಕೇಳಿದರು. ಬಂದದ್ದು ಹಾಲು, ಸಕ್ಕರೆ, ಶುಂಠಿ ಹಾಕಿ ಕುದಿಸಿದ ಗಟ್ಟಿ ಚಹಾ. ಒಂದು ಗುಟುಕು ಸುರ್ರೆಂದು ಹೀರಿ, ಬಾಯಲ್ಲಿ ತಿರುಗಿಸಿ, ಪಕ್ಕದ ಚರಂಡಿಗೆ ಉಗುಳಿದರು.

ಲಕ್ಷ್ಮಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದರು. "ಯಾಕ್ ಸಾ, ನೊಣ ಬಿದ್ದಿತ್ತಾ?"

"ಇಲ್ಲಮ್ಮ, ಟೀ ಚೆನ್ನಾಗಿದೆ. ಇದು ನನ್ನ ಕೆಲಸದ ಅಭ್ಯಾಸ."

"ಚೆನ್ನಾಗಿರಾದ್ನ ಯಾರಾದ್ರೂ ಉಗೀತಾರಾ?"

ಬೆಂಚಿನಲ್ಲಿದ್ದವರಲ್ಲಿ ದೊಡ್ಡವನು ಮಾತು ಸೇರಿಸಿದ. "ನಮ್ಮೆಂಡ್ರು ಮಾಡಿದ್ ಸಾರ್ನ ನಾನು ಇಂಗ್ ಉಗುದ್ರೆ, ಇದೇ ಬಲೇಲಿ ಸುತ್ತಿ ಡ್ಯಾಮ್‌ಗೆ ಬಿಸಾಕ್ತಾಳೆ ಕಣಮ್ಮ."

ಸೇತುರಾಮ್ ಸಮಾಧಾನವಾಗಿ ವಿವರಿಸಿದರು. ಬೆಳಿಗ್ಗೆಯಿಂದ ನೂರಾರು ಬಟ್ಟಲು ನೋಡಬೇಕು. ಕುಡಿಯುತ್ತ ಹೋದರೆ ಮಧ್ಯಾಹ್ನದ ಹೊತ್ತಿಗೆ ನಾಲಿಗೆ ಸತ್ತುಹೋಗುತ್ತದೆ. ಹಿಡಿಸಿತೆಂದು ಒಂದನ್ನು ನುಂಗಿದರೆ ಅದರ ಮುಂದಿನದಕ್ಕೆ ನ್ಯಾಯ ಸಿಗುವುದಿಲ್ಲ. "ಕೆಟ್ಟದ್ದನ್ನೂ ನುಂಗೋ ಹಾಗಿಲ್ಲ, ಒಳ್ಳೇದನ್ನೂ ನುಂಗೋ ಹಾಗಿಲ್ಲ. ಕಲಿಸಿದ್ದೇ ಹಾಗೆ. ಈಗ ಬಿಡೋಕಾಗಲ್ಲ."

"ಅಂಗಾರೆ ಲೋಟದಲ್ಲಿರಾದ್ನ ಬ್ಯಾರೆಯವ್ರಿಗೆ ಕೊಡಕಾಯ್ತದಾ? ಕುಡೀರಿ," ಎಂದರು ಲಕ್ಷ್ಮಮ್ಮ. ಸೇತುರಾಮ್ ನಕ್ಕರು. ಕುಡಿಯಲಿಲ್ಲ.

ಆಮೇಲೆ ಅಸ್ಸಾಮಿನ ಡಬ್ಬಿ ಕೊಟ್ಟು, ನಿಮ್ಮ ರೀತಿಯಲ್ಲೇ ಹಾಲು ಹಾಕಿ ಮಾಡಿ ಎಂದರು. ಬಣ್ಣ ಇಟ್ಟಿಗೆ ಕೆಂಪಿಗೆ ತಿರುಗಿತು. ಲಕ್ಷ್ಮಮ್ಮ ಕುಡಿದು, ಮೀನಿನವರಿಗೂ ಕೊಟ್ಟು, "ಇದು ಟೀ. ಆಲಿಗೆ ಎದುರು ನಿಂತ್ಕತದೆ," ಎಂದರು. ಡಾರ್ಜಿಲಿಂಗಿನದನ್ನು ಹಾಲಿಲ್ಲದೆ ಕೊಟ್ಟಾಗ ಮಾತ್ರ ಅವರ ಮುಖ ಸೊಟ್ಟಗಾಯಿತು. "ಇದೇನ್ ಸಾ, ಲೋಟ ತೊಳುದ್ ನೀರಂಗದೆ. ಬ್ಯಾಸರ ಮಾಡ್ಕಬ್ಯಾಡಿ."

ಬೇಸರವೇನೂ ಇಲ್ಲವೆಂದರು ಸೇತುರಾಮ್. ಅಸ್ಸಾಮಿನದು ಹೋಟೆಲಿಗೆ ಆಯ್ಕೆಯಾಯಿತು.

ಅರಕಲಗೂಡಿನಲ್ಲಿ ಊಟಕ್ಕೆ ಇಳಿದೆವು. ಬಸ್ ನಿಲ್ದಾಣದ ಎದುರಿನ ಮೆಸ್ಸಿನಲ್ಲಿ ಮುದ್ದೆ, ಅವರೆಕಾಳಿನ ಸಾರು. ಸೊಗಡವರೆಯ ಕಾಲ, ಪೇಟೆಬೀದಿ ಪೂರ್ತಿ ಅದೇ ಪರಿಮಳ. ಊರಿನಲ್ಲಿ ಹಾಲಿಲ್ಲದ ಚಹಾ ಯಾರು ಕುಡಿಯುತ್ತಾರೆಂದು ವಿಚಾರಿಸಿದಾಗ ಎಲ್ಲರೂ ಕೈ ತೋರಿಸಿದ್ದು ಔಷಧಿ ಅಂಗಡಿಯ ಕಡೆಗೆ. ಅಲ್ಲಿ ಹಸಿರು ಚಹಾದ ಪೊಟ್ಟಣಗಳನ್ನು ಕೆಮ್ಮಿನ ಸಿರಪ್ಪಿನ ಪಕ್ಕ ಜೋಡಿಸಿದ್ದರು. ಅಂಗಡಿಯವರು ವ್ಯಾಪಾರದ ಧಾಟಿಯಲ್ಲೇ ಹೇಳಿದರು: "ಹೊಟ್ಟೆ ಕರಗೋಕೆ ಸಾರ್. ಬೆಳಿಗ್ಗೆ ಒಂದು, ರಾತ್ರಿ ಒಂದು. ರುಚಿ ಕೇಳಬೇಡಿ." ಸೇತುರಾಮ್ ತಮ್ಮ ಹಸಿರು ಚಹಾದ ಡಬ್ಬಿ ತೆರೆಯಲೇ ಇಲ್ಲ. ಹೊರಗೆ ಬಂದು, "ಔಷಧಿ ಅಂತ ಕುಡಿಯೋರಿಗೆ ರುಚಿ ತೋರಿಸೋದು ಕಷ್ಟ," ಎಂದಷ್ಟೇ ಹೇಳಿದರು. ಆ ಮಾತು ಮರುದಿನ ನನಗೆ ಮತ್ತೆ ನೆನಪಾಯಿತು.

ರಾಮನಾಥಪುರ ತಲುಪಿದಾಗ ನಾಲ್ಕು ದಾಟಿತ್ತು. ಇದು ಹೊಗೆಸೊಪ್ಪಿನ ಹರಾಜಿನ ಕಾಲ. ಬಸ್ಸಿಳಿಯುವ ಮೊದಲೇ ಮೂಗಿಗೆ ಗೊತ್ತಾಗುತ್ತದೆ: ಸಿಹಿ ಬೆರೆತ ಘಾಟು. ಗೋಣಿಯಲ್ಲಿ ಕಟ್ಟಿದ ಬೇಲುಗಳನ್ನು ಹೊತ್ತ ಟ್ರ್ಯಾಕ್ಟರುಗಳು ರಸ್ತೆಯ ಬದಿಯಲ್ಲಿ ಸಾಲಾಗಿ ನಿಂತಿದ್ದವು. ಸೇತುರಾಮ್ ಚೀಲವನ್ನು ಎದೆಗೆ ಅವಚಿಕೊಂಡು ನೇರವಾಗಿ ಕಾವೇರಿಯ ಮೆಟ್ಟಿಲಿಗೆ ನಡೆದರು. ದೇವಸ್ಥಾನವನ್ನೂ ಆಮೇಲೆ ನೋಡೋಣವೆಂದರು. ಗಾಳಿ ನದಿಯ ಕಡೆಯಿಂದ ಬೀಸುತ್ತಿತ್ತು. ಹೋಟೆಲಿನಿಂದ ಫ್ಲಾಸ್ಕಿನಲ್ಲಿ ಬಿಸಿನೀರು ತುಂಬಿಸಿಕೊಂಡು ಬಂದೆ.

ಮೆಟ್ಟಿಲ ಮೇಲೆ ಕಾಲು ತೊಳೆಯುತ್ತಿದ್ದ ರೈತರೊಬ್ಬರು ನಮ್ಮ ಬಟ್ಟಲುಗಳನ್ನು ನೋಡಿ ಹತ್ತಿರ ಬಂದರು. ಬೋರೇಗೌಡ ಎಂದು ಹೆಸರು. ಸೋಮವಾರದ ಹರಾಜಿಗೆ ಬೇಲು ತಂದಿದ್ದರು. ವಿಷಯ ತಿಳಿದು ಡಬ್ಬಿಗೆ ಕೈ ನೀಡಿದಾಗ ಸೇತುರಾಮ್ ತಡೆದರು.

"ಗೌಡ್ರೇ, ತಪ್ಪು ತಿಳೀಬೇಡಿ. ನಿಮ್ಮ ಕೈಯಲ್ಲಿ ಹೊಗೆಸೊಪ್ಪಿನ ವಾಸನೆ ಇರುತ್ತೆ."

"ತೊಳುದ್ರೆ ಓಗದಲ್ಲ ಬುಡಿ ಸಾ. ನಮ್ಮನೇಲಿ ಐಕಳ ಸ್ಕೂಲ್ ಬ್ಯಾಗೂ ಅದೇ ವಾಸ್ನೆ."

"ಟೀ ಸೊಪ್ಪು ಹಾಗೇನೇ. ಪಕ್ಕದಲ್ಲಿ ಏನಿರುತ್ತೋ ಅದರ ವಾಸನೆ ಹಿಡಿದುಬಿಡುತ್ತೆ. ಒಂದು ರಾತ್ರಿ ಸಾಕು. ಹಿಡಿದ ಮೇಲೆ ಬಿಡಿಸೋಕಾಗಲ್ಲ."

ಬೋರೇಗೌಡರು ತಲೆಯಾಡಿಸಿದರು. "ನಮ್ಮಳೀಮಯ್ಯ ಇದ್ದಂಗೆ ಅನ್ನಿ. ಯಾರ್ ಪಕ್ಕ ಕುಂತ್ಕತನೋ ಅವ್ರ್ ಮಾತೇ ಆಡ್ತನೆ."

ಎಲೆಯನ್ನು ನನ್ನ ಅಂಗೈ ಮೇಲೆ ಹಾಕಿ ಅವರ ಮುಂದೆ ಹಿಡಿದೆವು. ಬಿಳಿ ಚಹಾ ಮೂಸಿ, ಮುಂದಿನದು ತೋರಿಸಿ ಎಂದರು. ಊಲಾಂಗಿಗೆ ಮೂಗು ತಗುಲಿಸಿ ಅಲ್ಲೇ ನಿಂತರು. ಬಟ್ಟಲಿಗೆ ಬಿಸಿನೀರು ಹಾಕಿ ಮುಚ್ಚಿಟ್ಟು, ಸ್ವಲ್ಪ ಹೊತ್ತಾದ ಮೇಲೆ ಸೋಸಿ ಕೊಟ್ಟಾಗ ನಿಧಾನವಾಗಿ ಕುಡಿದರು. "ನಮ್ ಸೊಪ್ಪು ಬೇಯ್ಸೋ ಬ್ಯಾರನ್‌ನಲ್ಲಿ ಬೆಂಕಿ ಆಕಿ ಮೂರ್ನೇ ದಿನುಕ್ಕೆ ಬಾಗ್ಲು ತಗುದ್ರೆ ಮೊದ್ಲು ಒಂದ್ ವಾಸ್ನೆ ಬತ್ತದೆ ಸಾ. ಸೊಪ್ಪು ಅದವಾಗಿ ಬೆಂದದೆ ಅಂತ ಅದ್ರಲ್ಲೇ ಗೊತ್ತಾಯ್ತದೆ. ಇದು ಅದೇ. ಆದ್ರೆ ತಲೆ ಸುತ್ತಲ್ಲ," ಎಂದರು. ಇನ್ನೊಂದು ಲೋಟ ಕೇಳಿ ಕುಡಿದರು. ಊಲಾಂಗೂ ಆಯ್ಕೆಯಾಯಿತು.

"ಮೂರನೇದು?" ಎಂದು ನಾನು ಕೇಳಿದೆ. ಸೇತುರಾಮ್ ಬಟ್ಟಲುಗಳನ್ನು ನದಿಯಲ್ಲಿ ತೊಳೆಯುತ್ತಿದ್ದರು. "ಅದು ಅಕ್ಕ ಹೇಳಬೇಕು. ಅವಳು ಒಪ್ಪಿದರೆ ಚಳಿಗಾಲದ್ದನ್ನ ನಾಗೇಶನಿಗೆ ಕೊಡ್ತೀನಿ. ಇಲ್ಲದಿದ್ದರೆ ಎರಡೇ ಸಾಕು."

ಅಂದು ರಾಮನಾಥಪುರದಲ್ಲೇ ತಂಗಿದೆವು. ಮರುದಿನ ಬೆಳಿಗ್ಗೆ ಹಳ್ಳಿಮೈಸೂರಿಗೆ ಹೋಗಿ, ಅಲ್ಲಿ ಬಸ್ಸು ಬದಲಿಸಿ ಹೊಳೆನರಸೀಪುರಕ್ಕೆ ಹೊರಟೆವು. ಹಳ್ಳಿಗಳ ಹತ್ತಿರ ರಾಗಿಯ ತೆನೆಯನ್ನು ಡಾಂಬರಿನ ಮೇಲೆ ಹರಡಿದ್ದರು. ಒಕ್ಕಣೆಯ ಕೆಲಸವನ್ನು ಬಸ್ಸಿನ ಗಾಲಿಗಳು ಮಾಡಿಕೊಡುತ್ತಿದ್ದವು. ಹಿಂದಿನ ದಿನವೆಲ್ಲ ಮಾತಾಡಿದ್ದ ಸೇತುರಾಮ್ ಅಂದು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ಹೇಮಾವತಿಯ ಸೇತುವೆ ಬಂದಾಗ ಟೋಪಿ ಸರಿಮಾಡಿಕೊಂಡರು.

ಅಕ್ಕ ಪದ್ಮಾವತಮ್ಮ ಪ್ರೌಢಶಾಲೆಯಲ್ಲಿ ಗಣಿತ ಹೇಳಿ ನಿವೃತ್ತರಾದವರು. ದೇವಸ್ಥಾನದ ಬೀದಿಯ ತಂದೆಯ ಮನೆಯಲ್ಲೇ, ಕಾಲೇಜಿನಲ್ಲಿ ಪಾಠ ಹೇಳುವ ಮಗ ಮುರಳಿ ಮತ್ತು ತಾಲ್ಲೂಕು ಕಚೇರಿಯಲ್ಲಿ ಕೆಲಸದಲ್ಲಿರುವ ಸೊಸೆ ವಿದ್ಯಾ ಜೊತೆ ಇದ್ದಾರೆ. ಅಂದು ಭಾನುವಾರ, ಎಲ್ಲರೂ ಮನೆಯಲ್ಲಿದ್ದರು.

"ಬಾರೋ ಸೇತು. ಮೊದಲು ಆ ಟೋಪಿ ತೆಗಿ, ಕಪಿ ಥರಾ ಕಾಣ್ತೀಯ," ಎಂದೇ ಪದ್ಮಾವತಮ್ಮ ಬರಮಾಡಿಕೊಂಡರು. ನನ್ನ ಕಡೆ ತಿರುಗಿ, "ಬನ್ನಿ ಬನ್ನಿ. ಇವನ ಜೊತೆ ಎರಡು ದಿನ ಓಡಾಡಿದ್ದೀರಿ, ಸುಸ್ತಾಗಿರುತ್ತೆ," ಎಂದರು. ಎಳ್ಳುಬೆಲ್ಲದ ತಟ್ಟೆ ಬಂತು. ಅದರ ಹಿಂದೆಯೇ ವಿದ್ಯಾ ಕಾಫಿಯ ಲೋಟಗಳನ್ನು ತಂದರು. ನೊರೆ ಲೋಟದ ಅಂಚು ಮೀರಿ ನಿಂತಿತ್ತು.

ಸೇತುರಾಮ್ ಲೋಟ ತೆಗೆದುಕೊಳ್ಳಲಿಲ್ಲ. "ಅಕ್ಕಾ, ಇವತ್ತು ಕಾಫಿ ಬೇಡ. ಟೀ ಮಾಡಿಕೊಡು."

"ಟೀನಾ? ನಿನಗಾ?"

"ಹೂಂ. ನಾನು ಕಳಿಸಿದ್ದೇ."

ಪದ್ಮಾವತಮ್ಮ ತಮ್ಮನ ಹಣೆ ಮುಟ್ಟಿ ನೋಡಿದರು. "ಜ್ವರ ಏನೂ ಇಲ್ವಲ್ಲೋ."

"ಅಕ್ಕಾ, ಕೊಡ್ತೀಯೋ ಇಲ್ವೋ?"

ಅವರು ಇನ್ನೇನೂ ಕೇಳದೆ ಒಳಗೆ ಹೋದರು. ಯಾವುದೋ ಬಾಗಿಲಿನ ಚಿಲಕ ತೆಗೆದ ಸದ್ದಾಯಿತು, ಪಾತ್ರೆಯ ಸದ್ದಾಯಿತು. ಸೇತುರಾಮ್ ಎಳ್ಳುಬೆಲ್ಲದಲ್ಲಿ ಕೊಬ್ಬರಿಯ ಚೂರುಗಳನ್ನು ಒಂದೊಂದಾಗಿ ಬೇರ್ಪಡಿಸುತ್ತ ಕೂತಿದ್ದರು. ತಿನ್ನಲಿಲ್ಲ.

ಚಹಾ ಬಂತು. ಹಾಲಿಲ್ಲ, ಸಕ್ಕರೆಯಿಲ್ಲ, ಬಣ್ಣ ತಿಳಿಯಾಗಿತ್ತು. ಸೇತುರಾಮ್ ಹಿಂದೆಂದೋ ಫೋನಿನಲ್ಲಿ ಹೇಳಿದ್ದ ಕ್ರಮದಲ್ಲೇ ಮಾಡಿದ್ದರು. ಆ ಮನೆಯಲ್ಲಿ ಲೋಟವನ್ನು ತುಟಿಗೆ ತಾಗಿಸುವುದಿಲ್ಲ. ಎತ್ತಿ ಬಾಯಿಗೆ ಸುರಿದುಕೊಳ್ಳುತ್ತಾರೆ. ಸೇತುರಾಮ್ ಕೂಡ ಲೋಟ ಎತ್ತಿದರು. ಎತ್ತುವಾಗ ಅದು ಮೂಗಿನ ಮುಂದೆ ಹಾದುಹೋಯಿತು. ಅಲ್ಲಿ ಒಂದು ಕ್ಷಣ ಕೈ ನಿಂತಿತು. ಮತ್ತೆ ಮೇಲಕ್ಕೆ ಹೋಯಿತು.

ಒಂದು ಗುಟುಕು ಬಾಯಿಗೆ ಬಿತ್ತು. ನಡುಮನೆಯಾಚೆಯೇ ಬಚ್ಚಲಿತ್ತು, ಬಾಗಿಲು ತೆರೆದಿತ್ತು. ಎರಡು ದಿನಗಳಿಂದ ಅವರ ಬಾಯಿಗೆ ಹೋದ ಚಹಾವೆಲ್ಲ ಎಲ್ಲಿಗೆ ಹೋಯಿತೆಂದು ನೋಡಿದ್ದ ನಾನು ಅವರು ಏಳುತ್ತಾರೆಂದು ಕಾಲು ಸರಿಸಿದೆ. ಅವರು ಏಳಲಿಲ್ಲ. ಆ ಗುಟುಕನ್ನು ನುಂಗಿದರು. ಇನ್ನೊಂದನ್ನೂ ನುಂಗಿದರು. ಲೋಟ ಬರಿದಾಗುವವರೆಗೆ ಕುಡಿದು ಕೆಳಗಿಟ್ಟರು.

"ಡಬ್ಬಿ ಎಲ್ಲಿಡ್ತೀಯ ಅಕ್ಕಾ?"

"ದೇವರ ಮನೇಲಿ."

"ಕರ್ಪೂರದ ಪಕ್ಕ?"

"ಕರ್ಪೂರ, ಊದಿನಕಡ್ಡಿ, ಎಲ್ಲ ಅಲ್ಲೇ ತಾನೇ ಇರೋದು. ಬಂದು ನೋಡು."

ದೇವರ ಮನೆ ಚಿಕ್ಕದು. ಬೆಳಗಿನ ಮಂಗಳಾರತಿಯ ಹೊಗೆ ಇನ್ನೂ ಗೋಡೆಯ ಮೇಲಿದ್ದಂತಿತ್ತು. ಪೀಠದ ಪಕ್ಕದ ಹಲಗೆಯ ಮೇಲೆ ಸೇತುರಾಮ್ ವರ್ಷಕ್ಕೊಂದರಂತೆ ಕಳಿಸಿದ್ದ ಡಬ್ಬಿಗಳು ಸಾಲಾಗಿದ್ದವು. ಹಳೆಯವು ತುಕ್ಕು ಹಿಡಿದಿದ್ದವು. ಪ್ರತಿಯೊಂದರ ಮುಚ್ಚಳಕ್ಕೂ ಕುಂಕುಮ ಇಟ್ಟಿತ್ತು. ಅವುಗಳಿಗೆ ಒರಗಿಕೊಂಡೇ ಕರ್ಪೂರದ ಭರಣಿ, ಊದಿನಕಡ್ಡಿಯ ಕಟ್ಟು, ಗಂಧದ ಕೊರಡು ಇದ್ದವು.

"ಇಲ್ಲಿ ಯಾಕಿಟ್ಟೆ?"

"ಇನ್ನೆಲ್ಲಿಡಲಿ? ನಿನಗೆ ಅನ್ನ ಕೊಟ್ಟ ಪದಾರ್ಥ ಅದು. ಅಡುಗೆಮನೇಲಿ ಹುಳಿಪುಡಿ ಜೊತೆ ಇಡಕ್ಕಾಗತ್ತಾ?"

"ಕರ್ಪೂರದ ವಾಸನೆ ಬರ್ತಿತ್ತಲ್ಲ ಅಕ್ಕಾ. ಒಂದು ದಿನ ಹೇಳಲಿಲ್ಲ."

"ಹೇಳೋದೇನು? ಟೀ ಅಂದ್ರೆ ಹಾಗೇ ಇರುತ್ತೆ ಅಂದ್ಕೊಂಡೆ. ಬೆಟ್ಟದ ಮೇಲೆ ಹಿಮದಲ್ಲಿ ಬೆಳೆಯೋದು ಅಂತ ಬೇರೆ ಹೇಳಿದ್ದೆ ನೀನು." ಪದ್ಮಾವತಮ್ಮ ನನ್ನ ಕಡೆ ನೋಡಿದರು. "ಪಾಪ, ಹೊಟ್ಟೆಪಾಡಿಗೆ ವರ್ಷವಿಡೀ ಈ ಕರ್ಪೂರದ ನೀರು ಕುಡೀತಾನಲ್ಲ, ಮನೆಗೆ ಬಂದಾಗಲಾದರೂ ಒಂದು ಲೋಟ ಒಳ್ಳೆ ಕಾಫಿ ಕುಡೀಲಿ ಅಂತ ಕೊಡ್ತಿದ್ದೆ. ಅದಕ್ಕೂ ಈಗ ತಗಾದೆ."

ಬಾಗಿಲ ಬಳಿ ನಿಂತಿದ್ದ ವಿದ್ಯಾಗೆ ನಗು ತಡೆಯಲಾಗಲಿಲ್ಲ. "ಅತ್ತೆ, ನಾನು ಬಂದಾಗಿಂದ ನೆಗಡಿಯಾದರೆ ಇದನ್ನೇ ತಾನೇ ಕುಡಿಸ್ತಿದ್ದಿದ್ದು? ಮಾವನ ಬೆಟ್ಟದ ಕಷಾಯ ಅಂತ!"

"ನೆಗಡಿ ಹೋಗ್ತಿತ್ತೋ ಇಲ್ವೋ?"

"ಹೋಗ್ತಿತ್ತು."

"ಮತ್ತೆ?"

ಮುರಳಿಯೂ ನಕ್ಕರು. ಸೇತುರಾಮ್ ನಗಲಿಲ್ಲ. ಕುಂಕುಮವಿಟ್ಟ ಡಬ್ಬಿಯೊಂದನ್ನು ಕೈಯಲ್ಲಿ ಹಿಡಿದುಕೊಂಡು, "ನನ್ನ ಕೆಲಸ ನಿಮಗೆ ಅಸಹ್ಯ ಅಂದ್ಕೊಂಡಿದ್ದೆ," ಎಂದರು. "ಎಂಜಲು ಕೆಲಸ. ಅಪ್ಪ ಅಂತಿದ್ದರಲ್ಲ."

"ಅಪ್ಪ ಯಾರನ್ನ ಬಿಟ್ಟಿದ್ದರು? ನನ್ನ ಗಣಿತಕ್ಕೆ ಏನಂತಿದ್ದರು ಮರೆತೆಯಾ? ಹುಳಿಗೆ ಉಪ್ಪು ಎಷ್ಟು ಅಂತ ಲೆಕ್ಕ ಬರಲ್ಲ, ಊರ ಮಕ್ಕಳಿಗೆ ಲೆಕ್ಕ ಹೇಳ್ತಾಳೆ ಅಂತ." ಪದ್ಮಾವತಮ್ಮ ಡಬ್ಬಿಯನ್ನು ತಮ್ಮನ ಕೈಯಿಂದ ತೆಗೆದುಕೊಂಡು ಅದರ ಜಾಗದಲ್ಲಿಟ್ಟರು. "ನಿನ್ನ ಮೊದಲನೇ ಡಬ್ಬಿ ಬಂದಾಗ ನಾನು ಅಡುಗೆಮನೆಗೇ ತಗೊಂಡು ಹೋಗ್ತಿದ್ದೆ. ಕೊಡು ಇಲ್ಲಿ ಅಂತ ಇಸ್ಕೊಂಡು, ಕುಂಕುಮ ಹಚ್ಚಿ ಇಲ್ಲಿಟ್ಟವರು ಅಪ್ಪನೇ. ಆಮೇಲೆ ಪ್ರತಿ ವರ್ಷ ನಾನು ಅದನ್ನೇ ಮಾಡ್ಕೊಂಡು ಬಂದೆ."

ಹೊರಗೆ ತರಕಾರಿ ಗಾಡಿಯವನು ಕೂಗಿಕೊಂಡು ಹೋದ. ಸೇತುರಾಮ್ ನಡುಮನೆಗೆ ಬಂದು ಚೀಲ ಬಿಚ್ಚಿದರು.

ಈ ವರ್ಷದ ಚಹಾವನ್ನು ಅವರೇ ಮಾಡಿದರು. ಅಡುಗೆಮನೆಯ ಪಾತ್ರೆಗಳನ್ನೆಲ್ಲ ಮೂಸಿ ನೋಡಿ, ಒಂದನ್ನು ಬಿಸಿನೀರಿನಲ್ಲಿ ಎರಡು ಸಲ ತೊಳೆದರು. ನೀರು ಕುದಿ ಬಂದ ಕೂಡಲೇ ಇಳಿಸಿ ಎಲೆಯ ಮೇಲೆ ಹೊಯ್ದು ಮುಚ್ಚಿದರು. ಪದ್ಮಾವತಮ್ಮ ಲೋಟ ತೆಗೆದುಕೊಂಡು ಎತ್ತಿ ಸುರಿದುಕೊಂಡರು.

"ಬಿಸಿನೀರು ಕಣೋ."

"ಹಾಗಲ್ಲ ಅಕ್ಕಾ. ಎತ್ತಿ ಕುಡಿದರೆ ನೇರ ಗಂಟಲಿಗೆ ಹೋಗುತ್ತೆ, ಮೂಗಿಗೆ ಸಿಗಲ್ಲ. ಕಚ್ಚಿ ಕುಡಿ."

"ಈ ವಯಸ್ಸಲ್ಲಿ ಕಚ್ಚಿ ಕುಡೀಲಾ? ನಿನ್ನ ಎದುರಿಗೆ?"

"ನನ್ನ ಎಂಜಲಲ್ಲ, ನಿನ್ನ ಎಂಜಲೇ."

"ಅದನ್ನ ನೀನು ಹೇಳಿಕೊಡಬೇಡ," ಎಂದು ಗದರಿದರು. ಆಮೇಲೆ ನಮಗೆ ಬೆನ್ನು ಮಾಡಿ, ಗೋಡೆಯ ಕಡೆ ತಿರುಗಿ, ಲೋಟಕ್ಕೆ ತುಟಿ ಇಟ್ಟರು. ಸೇತುರಾಮ್ ಅಕ್ಕನ ಬೆನ್ನನ್ನೇ ನೋಡುತ್ತ ನಿಂತಿದ್ದರು. ಪದ್ಮಾವತಮ್ಮ ಎರಡನೆಯ ಸಲ ಕುಡಿದರು, ಮೂರನೆಯ ಸಲವೂ ಕುಡಿದರು. ತಿರುಗಿದಾಗ ಲೋಟದಲ್ಲಿ ಅರ್ಧವಿತ್ತು.

"ಧನುರ್ಮಾಸದಲ್ಲಿ ಬೆಳಗಿನ ಜಾವ ಹಿತ್ತಲಲ್ಲಿ ಹೂವು ಬಿಡಿಸ್ತೀವಲ್ಲ. ಇಬ್ಬನಿಗೆ ಕೈಯೆಲ್ಲ ಒದ್ದೆಯಾಗಿರುತ್ತೆ. ಆ ಕೈ ಮೂಸಿ ನೋಡಿದರೆ ಹೀಗಿರುತ್ತೆ. ಹೂವಿನ ವಾಸನೆ ಅಲ್ಲ, ಎಲೆದು." ಲೋಟವನ್ನು ಮತ್ತೊಮ್ಮೆ ಮೂಗಿನ ಹತ್ತಿರ ತಂದರು. "ಇಷ್ಟು ವರ್ಷ ಇದನ್ನಾ ನೀನು ಕಳಿಸ್ತಿದ್ದಿದ್ದು?"

"ಇದನ್ನೇ."

"ಮತ್ತೆ ಚೆನ್ನಾಗಿದೆ ಅಂತ ಸುಳ್ಳು ಹೇಳಿದ್ದು ಪೂರ್ತಿ ಸುಳ್ಳೇನಲ್ಲ ಬಿಡು," ಎಂದು ಉಳಿದದ್ದನ್ನು ಕುಡಿದರು. ಈ ಸಲ ಗೋಡೆಯ ಕಡೆ ತಿರುಗಲಿಲ್ಲ.

ಊಟವಾದ ಮೇಲೆ ಸೇತುರಾಮ್ ನಾಗೇಶ್‌ಗೆ ತೋರಿಸುವಷ್ಟು ಎಲೆಯನ್ನು ಬೇರೆ ಪೊಟ್ಟಣ ಕಟ್ಟಿಕೊಂಡರು. ಹೊಸ ಡಬ್ಬಿಯನ್ನು ಎಲ್ಲಿಡುವುದೆಂಬ ಪ್ರಶ್ನೆ ಬಂತು. ವಾಸನೆಯಿಲ್ಲದ ಜಾಗ ಆ ಮನೆಯಲ್ಲಿ ಸುಲಭಕ್ಕೆ ಸಿಗಲಿಲ್ಲ. ಅಡುಗೆಮನೆಯಲ್ಲಿ ಇಂಗು, ಕಾಫಿಪುಡಿ. ಬೀರುವಿನಲ್ಲಿ ನುಸಿಗುಳಿಗೆ. ಮುರಳಿಯ ಪುಸ್ತಕದ ಕಪಾಟಿನಲ್ಲಿ ಜಿರಲೆಗೆ ಹೊಡೆದ ಔಷಧಿ. ಫ್ರಿಜ್ ಎಂದು ವಿದ್ಯಾ ಹೇಳಿ ಮುಗಿಸುವ ಮೊದಲೇ ಸೇತುರಾಮ್ ಕೈ ಅಡ್ಡ ಹಿಡಿದರು. ಕೊನೆಗೆ ಪದ್ಮಾವತಮ್ಮ ನಡುಮನೆಯ ಗಾಜಿನ ಷೋಕೇಸಿನ ಮುಂದೆ ನಿಂತರು. ಅವರಿಗೆ ಶಾಲೆಯಲ್ಲಿ ಕೊಟ್ಟ ಸನ್ಮಾನದ ಫಲಕ, ಮುರಳಿಯ ಕಾಲೇಜಿನ ಕಪ್ಪುಗಳು, ಮೈಸೂರಿನಿಂದ ತಂದ ಆನೆ ಅದರಲ್ಲಿದ್ದವು. ಆನೆಯನ್ನು ಕೆಳಗಿನ ಅಂಕಣಕ್ಕೆ ಇಳಿಸಿ, ಆ ಜಾಗದಲ್ಲಿ ಡಬ್ಬಿ ಇಟ್ಟು ಬಾಗಿಲು ಮುಚ್ಚಿದರು.

ಸಂಜೆ ಅವರಿಗೆ ಇನ್ನೊಂದು ನೋಡಬೇಕಿತ್ತು. "ಅದೇನೋ ಉಗೀತೀಯಂತಲ್ಲ. ಉಗಿ, ನೋಡೋಣ." ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಬಳಿ ಎಲ್ಲರೂ ಸೇರಿದೆವು. ಸೇತುರಾಮ್ ಚಮಚೆಯಿಂದ ಸುರ್ರೆಂದು ಹೀರಿ, ಕೆನ್ನೆ ಆಡಿಸಿ, ಮಾರು ದೂರದ ಬಚ್ಚಲ ಕಾಲುವೆಗೆ ಒಂದೇ ಧಾರೆಯಲ್ಲಿ ಉಗುಳಿದರು. ಒಂದು ಹನಿ ಆಚೀಚೆ ಬೀಳಲಿಲ್ಲ.

"ಅಷ್ಟು ದೂರಕ್ಕಾ!" ಎಂದರು ಪದ್ಮಾವತಮ್ಮ. "ಅಪ್ಪ ನೋಡಬೇಕಿತ್ತು. ಸಂಬಳ ಕೊಡಬಹುದು ಅಂತಿದ್ದರು."

ಮೂರನೆಯ ದಿನ ಬೆಳಿಗ್ಗೆ ಚನ್ನರಾಯಪಟ್ಟಣಕ್ಕೆ ಹೊರಟೆವು. ದಾರಿ ಮೂವತ್ತೈದು ಕಿಲೋಮೀಟರಿನಷ್ಟು. ಎರಡೂ ಬದಿ ತೆಂಗು, ಕೊಯ್ಲು ಮುಗಿದ ಹೊಲಗಳು. ನಾಗೇಶ್ ಅವರ ಹೋಟೆಲು ಬೆಂಗಳೂರು ಹೆದ್ದಾರಿಯ ಬದಿಗಿದೆ. ನಾವು ಹೋದಾಗ ತಿಂಡಿಯ ಗಿರಾಕಿಗಳು ಮುಗಿದು, ಊಟದವರು ಇನ್ನೂ ಬಂದಿರಲಿಲ್ಲ. ಅಸ್ಸಾಮಿನದಕ್ಕೂ ಊಲಾಂಗಿಗೂ ನಾಗೇಶ್ ಬೇಗ ಒಪ್ಪಿದರು. ಚಳಿಗಾಲದ ಚಹಾ ಕುಡಿದು ತಲೆ ಕೆರೆದುಕೊಂಡರು.

"ರುಚಿ ಏನೋ ಐತೆ ಸಾರ್. ಆದರೆ ಹಾಲಿಲ್ಲದ ತಿಳಿ ಟೀ ಅಂದರೆ ನಮ್ಮ ಕಡೆ ಗಿರಾಕಿ, ನನಗೇನು ಕಾಯಿಲೆನಾ ಅಂತ ಜಗಳಕ್ಕೆ ಬರ್ತಾನೆ. ಇದನ್ನ ಯಾರು ಕುಡೀತಾರೆ?"

"ನಮ್ಮಕ್ಕ ಕುಡಿದಳು," ಎಂದರು ಸೇತುರಾಮ್.

ಅದು ಉತ್ತರವಾಗುತ್ತದೆಯೇ ಎಂಬಂತೆ ನಾಗೇಶ್ ನನ್ನ ಮುಖ ನೋಡಿದರು. ಕೊನೆಗೆ ಹೀಗೆ ತೀರ್ಮಾನವಾಯಿತು: ಚಳಿಗಾಲದ ಚಹಾ ಬೆಳಗಿನ ಹೊತ್ತು ಮಾತ್ರ, ಕೇಳಿದವರಿಗೆ ಮಾತ್ರ, ಸ್ಟೀಲಿನ ಲೋಟದಲ್ಲಲ್ಲ, ಬಾಯಗಲದ ಪಿಂಗಾಣಿ ಬಟ್ಟಲ್ಲಿ. ಡಬ್ಬಿಗಳನ್ನು ಇಡುವ ಜಾಗ ಆರಿಸುವುದಕ್ಕೆ ಸೇತುರಾಮ್ ಬಹಳ ಹೊತ್ತು ತೆಗೆದುಕೊಂಡರು. ಗಲ್ಲಾಪೆಟ್ಟಿಗೆಯ ಹಿಂದಿದ್ದ ದೇವರ ಪಟ, ಅದರ ಮುಂದೆ ಉರಿಯುತ್ತಿದ್ದ ಊದಿನಕಡ್ಡಿ ನೋಡಿ, ಹೋಟೆಲಿನ ಇನ್ನೊಂದು ತುದಿಯ ಗೂಡನ್ನು ತೋರಿಸಿದರು. ಕಾರಣ ಕೇಳಿದ ನಾಗೇಶ್‌ಗೆ, "ಆಮೇಲೆ ಹೇಳ್ತೀನಿ," ಎಂದರು.

ಮಧ್ಯಾಹ್ನದ ಹಾಸನದ ಬಸ್ಸಿನಲ್ಲಿ ಸೀಟು ಸಿಕ್ಕಿತು. ಕ್ಯಾನ್ವಾಸ್ ಚೀಲವನ್ನು ಸೇತುರಾಮ್ ತೊಡೆಯ ಮೇಲಿಟ್ಟುಕೊಂಡು, ಹೊಳೆನರಸೀಪುರದಿಂದ ತಂದಿದ್ದ ಪ್ಲಾಸ್ಟಿಕ್ ಕವರೊಂದನ್ನು ನನ್ನ ಕೈಗೆ ಕೊಟ್ಟರು. "ಇದನ್ನ ಆ ಕಡೆ ಇಟ್ಟುಕೊಳ್ಳಿ. ಇವಕ್ಕೆ ತಾಗಬಾರದು." ಒಳಗೆ ಕುಂಕುಮದ ಬೊಟ್ಟಿದ್ದ ಹಳೆಯ ಡಬ್ಬಿಯೊಂದಿತ್ತು. ಹೊರಡುವಾಗ ಅಕ್ಕನನ್ನು ಕೇಳಿ ತೆಗೆದುಕೊಂಡಿದ್ದರಂತೆ. ಶಾಂತಿಗ್ರಾಮ ದಾಟುವ ಹೊತ್ತಿಗೆ ಸುತ್ತಲಿನ ಎರಡು ಸೀಟಿನವರಿಗೆಲ್ಲ ಕರ್ಪೂರದ ವಾಸನೆ ಬಂದಿತ್ತು. ಮುಂದಿನ ಸೀಟಿನ ಹೆಂಗಸು ತಿರುಗಿ, ಯಾವ ದೇವಸ್ಥಾನಕ್ಕೆ ಹೋಗಿದ್ದಿರಿ ಎಂದು ಕೇಳಿದರು.

"ಇದನ್ನು ಏನು ಮಾಡ್ತೀರಿ?" ಎಂದು ನಾನು ಸೇತುರಾಮರನ್ನು ಕೇಳಿದೆ.

"ಕುಡೀತೀನಿ," ಎಂದರು.

ಹಾಸನದಲ್ಲಿ ಇಳಿದಾಗ ನಿಲ್ದಾಣ ತುಂಬಿತ್ತು. ಅವರು ಎಡಗೈಯಲ್ಲಿ ಚೀಲ, ಬಲಗೈಯಲ್ಲಿ ಕವರು ಹಿಡಿದು, ಒಂದಕ್ಕೊಂದು ತಾಗದಂತೆ ಎರಡೂ ಕೈಗಳನ್ನು ದೂರ ಚಾಚಿಕೊಂಡು ಜನರ ನಡುವೆ ಆಟೋಗಳ ಕಡೆ ನಡೆದುಹೋದರು. ದಾರಿ ಬಿಡಬೇಕಾದವರು ಬೈದುಕೊಂಡೇ ದಾರಿ ಬಿಟ್ಟರು.